ತರಲೆ ಹಳ್ಳದ ಊರುಗಳು ಎಲ್ಲಿಗೆ ಹೋಗಬೇಕು?

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಗುಡ್ಡಗಳ ನಡುವೆ, ಟ್ರಬಲ್‌ಸಮ್ ಕ್ರೀಕ್ ಎಂಬ ಹಳ್ಳ ಹರಿಯುತ್ತದೆ. ಹೆಸರನ್ನು ಕನ್ನಡಕ್ಕೆ ತಂದರೆ ‘ತರಲೆ ಹಳ್ಳ’. ಮಳೆಯಿಲ್ಲದ ದಿನಗಳಲ್ಲಿ ನೋಡಿದವರಿಗೆ ಈ ಹೆಸರು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬಹುದು. ಎಷ್ಟೋ ಕಡೆ ಪ್ಯಾಂಟು ಮಡಚಿಕೊಂಡು ದಾಟುವಷ್ಟೇ ನೀರು. ತಳದಲ್ಲಿ ಉರುಟು ಕಲ್ಲು, ಎರಡೂ ಬದಿ ಮರ.

2022ರ ಜುಲೈ 27ರ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಇದೇ ಹಳ್ಳ ಮನೆಗಳನ್ನು ಬುಡಸಮೇತ ಎತ್ತಿಕೊಂಡು ಹೋಗಿತ್ತು. ಆ ವಾರ ಐದು ದಿನಗಳಲ್ಲಿ ಕೆಲವು ಕಡೆ 14ರಿಂದ 16 ಇಂಚು ಮಳೆ ಸುರಿಯಿತು. ಪೂರ್ವ ಕೆಂಟಕಿಯಲ್ಲಿ 45 ಜನ ಸತ್ತರು. ಅವರಲ್ಲಿ ಜಾಸ್ತಿ ಜನ ಈ ಹಳ್ಳ ಹುಟ್ಟುವ ನಾಟ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಇಡೀ ಪ್ರದೇಶದಲ್ಲಿ ಸುಮಾರು 9,000 ಮನೆಗಳು ಹಾಳಾದವು. ಹಳ್ಳ ಹೋಗಿ ಸೇರುವ ನಾರ್ತ್ ಫೋರ್ಕ್ ನದಿ ಜಾಕ್ಸನ್ ಪಟ್ಟಣದಲ್ಲಿ 43 ಅಡಿ ದಾಟಿ, 1939ರ ದಾಖಲೆಯನ್ನು ಮುರಿಯಿತು.

ಆಮೇಲೆ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಅಲ್ಲಿ ಯಾಕೆ ಇರ್ತಾರೆ? ಗುಡ್ಡ ಪಕ್ಕದಲ್ಲೇ ಇದೆಯಲ್ಲ, ಮೇಲಕ್ಕೆ ಹೋಗಬಾರದಾ?

ದೂರದಲ್ಲಿ ಕೂತವರಿಗೆ ಇದು ಸಲೀಸಾದ ಪ್ರಶ್ನೆ. ಆದರೆ ಈ ಹಳ್ಳದ ನಕ್ಷೆಯನ್ನು ಒಂದು ಗಂಟೆ ಕೂತು ನೋಡಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಇಲ್ಲಿ ಮನೆ ಅನ್ನೋದು ಒಂಟಿಯಾಗಿ ನಿಂತ ವಸ್ತುವಲ್ಲ, ಒಂದು ಸಾಲಿನ ತುಂಡು. ಆ ಸಾಲನ್ನು ಎಳೆದದ್ದು ಹಳ್ಳ. ಒಂದು ಮನೆಯನ್ನು ಎತ್ತಿ ಮೇಲಿಡುವುದು ದುಡ್ಡಿನ ಕೆಲಸ. ಸಾಲನ್ನು ಸಾಲಾಗಿಯೇ ಎತ್ತಿಡುವುದು ಹೇಗೆ ಅನ್ನೋದು ಇನ್ನೂ ಯಾವ ಸರ್ಕಾರಕ್ಕೂ ಸರಿಯಾಗಿ ಗೊತ್ತಾದಂತಿಲ್ಲ.

ಗೆರೆಯಂಥ ಊರು

ಈ ಸೀಮೆಯನ್ನು ಭೂಗೋಳದ ಪುಸ್ತಕಗಳು ಕಂಬರ್‌ಲ್ಯಾಂಡ್ ಪ್ರಸ್ಥಭೂಮಿ ಅನ್ನುತ್ತವೆ. ಪ್ರಸ್ಥಭೂಮಿ ಅಂದ ಕೂಡಲೇ ಮೇಜಿನಂಥ ಬಯಲನ್ನು ಕಲ್ಪಿಸಿಕೊಳ್ಳಬೇಡಿ. ಒಂದು ಕಾಲಕ್ಕೆ ಹಾಗಿದ್ದಿರಬಹುದು. ಮರಳುಗಲ್ಲು, ಜೇಡಿಪದರು, ನಡುನಡುವೆ ಕಲ್ಲಿದ್ದಲು ಹೀಗೆ ಒಂದರ ಮೇಲೊಂದು ಕೂತ ಪದರಗಳನ್ನು ನೀರು ಲಕ್ಷಾಂತರ ವರ್ಷ ಕೊರೆದಿದೆ. ಕೊರೆದು ಉಳಿಸಿದ್ದು ಚೂಪು ಏಣು, ಕಡಿದಾದ ಇಳಿಜಾರು, ಬುಡದಲ್ಲಿ ಇಕ್ಕಟ್ಟಾದ ಕೊಳ್ಳ. ಮೇಲಿಂದ ನೋಡಿದರೆ ಎಲೆ ಉದುರಿದ ಮರದ ಹಾಗೆ ಕಾಣುತ್ತದೆ. ಕಾಂಡಕ್ಕೆ ಕೊಂಬೆ, ಕೊಂಬೆಗೆ ಟಿಸಿಲು, ಟಿಸಿಲಿಗೆ ಇನ್ನೂ ಸಣ್ಣ ಕಡ್ಡಿ.

ಅಲ್ಲಿನವರ ಮಾತಿನಲ್ಲೂ ಇದೇ ಲೆಕ್ಕ. ಎಲ್ಲಕ್ಕಿಂತ ಚಿಕ್ಕದು ‘ಬ್ರಾಂಚ್’. ಅದಕ್ಕಿಂತ ದೊಡ್ಡದು ‘ಫೋರ್ಕ್’, ಆಮೇಲೆ ‘ಕ್ರೀಕ್’, ಕೊನೆಗೆ ‘ರಿವರ್’. ಬ್ರಾಂಚ್ ಹರಿದು ಬರುವ ಕೊಳ್ಳಕ್ಕೆ ‘ಹಾಲರ್’. ಒಬ್ಬರ ಮನೆ ಎಲ್ಲಿ ಅಂತ ಕೇಳಿದರೆ ಅವರು ಯಾವ ಹಾಲರಿನವರು ಅಂತ ಉತ್ತರ ಬರುತ್ತದೆ. ಜಲವಿಜ್ಞಾನಿಗಳು ಹಳ್ಳಗಳಿಗೆ ದರ್ಜೆ ಕೊಡುವ ಪದ್ಧತಿ ಶುರುಮಾಡಿದ್ದು 1940–50ರ ದಶಕಗಳಲ್ಲಿ. ಒಂದನೇ ದರ್ಜೆಯ ಎರಡು ತೊರೆ ಕೂಡಿದರೆ ಎರಡನೆಯದು, ಅಂಥ ಎರಡು ಕೂಡಿದರೆ ಮೂರನೆಯದು ಅಂತ. ಈ ಕೊಳ್ಳದ ಜನ ತಮ್ಮದೇ ಹೆಸರುಗಳಲ್ಲಿ ಆ ಲೆಕ್ಕವನ್ನು ಅದಕ್ಕೂ ಬಹಳ ಮೊದಲೇ ಇಟ್ಟುಕೊಂಡಿದ್ದರು.

ತರಲೆ ಹಳ್ಳ ಹುಟ್ಟುವುದು ಹಿಂಡ್‌ಮನ್ ಎಂಬ ಪುಟ್ಟ ಪಟ್ಟಣದಲ್ಲಿ, ಎಡಗವಲು ಮತ್ತು ಬಲಗವಲು ಬಂದು ಕೂಡುವ ಕಡೆ. ‘ಟ್ರಬಲ್‌ಸಮ್‌ನ ಕವಲು’ ಅಂತಲೇ ಆ ಜಾಗಕ್ಕೆ ಹೆಸರಿತ್ತು. ಆ ಕವಲಲ್ಲೇ ಕ್ಯಾಥರೀನ್ ಪೆಟಿಟ್ ಮತ್ತು ಮೇ ಸ್ಟೋನ್ ಎಂಬ ಇಬ್ಬರು ಹೆಂಗಸರು 1902ರಲ್ಲಿ ಹಿಂಡ್‌ಮನ್ ಸೆಟ್ಲ್‌ಮೆಂಟ್ ಶಾಲೆ ಶುರುಮಾಡಿದರು. ಅದು ಈಗಲೂ ನಡೆಯುತ್ತಿದೆ. 2022ರಲ್ಲಿ ಅದರ ಹಳೆಯ ಕಾಗದಪತ್ರ, ಫೋಟೋಗಳೂ ನೀರಿನಲ್ಲಿ ನೆನೆದವು.

ಅಲ್ಲಿಂದ ಹಳ್ಳದ ಜೊತೆ ಕೆಳಗಿಳಿಯುತ್ತಾ ಹೋದರೆ ಕ್ಯಾರಿ, ಎಮ್ಮಲೀನಾ, ಫಿಸ್ಟಿ. ಪೆರಿ ಕೌಂಟಿಗೆ ಬಂದರೆ ಡ್ವಾರ್ಫ್, ಏರಿ, ರೌಡಿ. ಹೌದು, ರೌಡಿ ಅಂತಲೇ ಊರಿನ ಹೆಸರು. ಬ್ರೆಥಿಟ್ ಕೌಂಟಿಯಲ್ಲಿ ಕ್ಲೇಹೋಲ್, ಕೊನೆಗೆ ಹ್ಯಾಡಿಕ್ಸ್. ಅಲ್ಲಿ ಹಳ್ಳ ನಾರ್ತ್ ಫೋರ್ಕ್ ಸೇರುತ್ತದೆ. ನಾರ್ತ್ ಫೋರ್ಕ್ ಇನ್ನೆರಡು ಕವಲು ಸೇರಿಸಿಕೊಂಡು ಕೆಂಟಕಿ ನದಿಯಾಗಿ, ಕೊನೆಗೆ ಒಹಾಯೋ ನದಿಗೆ ಹೋಗುತ್ತದೆ.

ಈ ಊರುಗಳ ಹೆಸರಿನ ಹಿಂದೆ ಜಾಸ್ತಿ ಸಲ ಇರುವುದು ಅಂಚೆ ಕಚೇರಿ. ಯಾರೋ ಒಬ್ಬರು ತಮ್ಮ ಅಂಗಡಿಯಲ್ಲೇ ಅಂಚೆ ಶುರುಮಾಡುತ್ತಿದ್ದರು, ಅದಕ್ಕೊಂದು ಹೆಸರು ಬೇಕಿತ್ತು, ಮನೆಯವರದ್ದೋ ನೆರೆಯವರದ್ದೋ ಹೆಸರು ಬರೆದು ಕಳಿಸುತ್ತಿದ್ದರು. ಕುಳ್ಳಗಿದ್ದ ಜೆರೆಮಯಾ ಕೋಂಬ್ಸ್ ಎಂಬ ಹಿರಿಯನಿಂದ ಡ್ವಾರ್ಫ್‌ಗೆ ಆ ಹೆಸರು ಬಂತು. ಅಂಚೆ ಇದ್ದದ್ದರಿಂದ ಊರಾಯಿತೇ ಹೊರತು, ಊರಿಗೊಂದು ಗಡಿ ಅಂತ ಯಾರೂ ಎಳೆಯಲಿಲ್ಲ. ಇವತ್ತಿಗೂ ಹಿಂಡ್‌ಮನ್ ಬಿಟ್ಟರೆ ಈ ಸಾಲಿನ ಊರುಗಳಿಗೆ ಪುರಸಭೆಯಿಲ್ಲ, ಮೇಯರ್ ಇಲ್ಲ. ನಿರ್ಧಾರ ಏನಿದ್ದರೂ ಕೌಂಟಿಯದ್ದು. ಕಾನೂನಿನ ಕಣ್ಣಲ್ಲಿ ಇವು ಬರೀ ಹೆಸರುಗಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಗ್ಗಿಗೆ ಬಂದದ್ದು ಯಾಕೆ

ಹತ್ತೊಂಬತ್ತನೇ ಶತಮಾನದ ಶುರುವಿನ ಹೊತ್ತಿಗೆ ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆಯಿಂದ ಬಿಳಿಯ ವಲಸಿಗರು ಇಲ್ಲಿ ಬಂದು ನೆಲೆಸಿದರು. ಮೆಕ್ಕೆಜೋಳ ಬೆಳೆಯಲು ಸಮತಟ್ಟಾದ ನೆಲ ಬೇಕು. ಅದು ಇದ್ದದ್ದು ಹಳ್ಳದ ದಂಡೆಯಲ್ಲಿ ಮಾತ್ರ, ಅದೂ ರಿಬ್ಬನ್ನಿನಷ್ಟು ಅಗಲ. ನೀರೂ ಅಲ್ಲೇ. ದಾರಿಯೂ ಅಲ್ಲೇ, ಅಥವಾ ಹಳ್ಳವೇ ದಾರಿ. ಬಹಳ ಕಾಲ ಇಲ್ಲಿನ ರಸ್ತೆ ಅಂದರೆ ಹಳ್ಳದ ತಳವೇ ಆಗಿತ್ತು. ನೀರು ಕಡಿಮೆಯಿದ್ದಾಗ ಗಾಡಿಯನ್ನು ಹಳ್ಳದೊಳಗೇ ಹೊಡೆದುಕೊಂಡು ಹೋಗುತ್ತಿದ್ದರು. 1935ರಿಂದ 1943ರವರೆಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹೆಂಗಸರು ಕುದುರೆ, ಹೇಸರಗತ್ತೆ ಮೇಲೆ ಪುಸ್ತಕ ಹೇರಿಕೊಂಡು ಈ ಕೊಳ್ಳಗಳಿಗೆ ಹಂಚುತ್ತಿದ್ದರು. ಅವರು ಹೋಗುತ್ತಿದ್ದದ್ದೂ ಎಷ್ಟೋ ಕಡೆ ಹಳ್ಳದ ತಳದಲ್ಲೇ.

ಆಮೇಲೆ ಡಾಂಬರು ಬಂತು. ರಸ್ತೆ ಹಳ್ಳದಿಂದ ನಾಲ್ಕು ಮೊಳ ಮೇಲೆ ಹತ್ತಿತು, ಅಷ್ಟೇ. ಹೀಗೆ ಹಳ್ಳ, ರಸ್ತೆ, ಮನೆ, ಕರೆಂಟು ಕಂಬ, ನೀರಿನ ಪೈಪು ಎಲ್ಲವೂ ಅದೇ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಮನೆ ಹಳ್ಳದ ಆಚೆ ದಡದಲ್ಲಿದ್ದರೆ ಅದಕ್ಕೊಂದು ಸ್ವಂತ ಕಿರುಸೇತುವೆ. ಅದನ್ನು ಕಟ್ಟಿದ್ದೂ ಮನೆಯವರೇ, ರಿಪೇರಿ ಮಾಡಬೇಕಾದವರೂ ಅವರೇ.

ಒಂದು ವಿಷಯ ಮಾತ್ರ ನನ್ನನ್ನು ಬಿಡದೆ ಕಾಡಿತು. ಇಲ್ಲಿನ ಕುಟುಂಬಗಳ ಸಮಾಧಿಗಳು ಸಾಮಾನ್ಯವಾಗಿ ಗುಡ್ಡದ ಮೇಲಿರುತ್ತವೆ. ಉಳಲು ಬರುವ ನೆಲವನ್ನು ಸತ್ತವರಿಗೆ ಕೊಡುವಷ್ಟು ಅನುಕೂಲ ಯಾರಿಗೂ ಇರಲಿಲ್ಲ. ಹಾಗಾಗಿ ನೆರೆ ಬಂದಾಗ ಅಜ್ಜ ಅಜ್ಜಿಯರು ಮೇಲೆ ಸುರಕ್ಷಿತ, ಮೊಮ್ಮಕ್ಕಳು ಕೆಳಗೆ ನೀರಿನಲ್ಲಿ.

ಹಾಗಾದರೆ ಮೊಮ್ಮಕ್ಕಳು ಗುಡ್ಡಕ್ಕೆ ಹೋಗಬಹುದಲ್ಲ? ಗುಡ್ಡ ಅವರದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಕಲ್ಲಿದ್ದಲಿನ ಏಜೆಂಟರು ಮನೆಮನೆಗೆ ಬಂದು ನೆಲದಡಿಯ ಖನಿಜದ ಹಕ್ಕನ್ನು ಚಿಲ್ಲರೆ ದುಡ್ಡಿಗೆ ಬರೆಸಿಕೊಂಡರು. ಆಗ ಹಕ್ಕುಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಮುಂದೆ ಬುಲ್ಡೋಜರ್ ಎಂಬುದು ಬರುತ್ತದೆ ಅಂತ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅಡಿಯ ಖನಿಜ ತೆಗೆಯಲು ಮೇಲಿನ ಹೊಲ, ಕಾಡು ಏನನ್ನಾದರೂ ಅಗೆಯಬಹುದು ಅಂತ ಆ ಪತ್ರಗಳಿಗೆ ಅರ್ಥ ಹಚ್ಚಲಾಯಿತು. 1965ರಲ್ಲಿ ಇದೇ ನಾಟ್ ಕೌಂಟಿಯಲ್ಲಿ ಆಲಿ ಕೋಂಬ್ಸ್ ಎಂಬ ವಿಧವೆ ಬುಲ್ಡೋಜರ್ ಮುಂದೆ ಕೂತರು. ಪೊಲೀಸರು ಅವರನ್ನು ಹೊತ್ತುಕೊಂಡು ಹೋದ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮೇಲಿನ ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಹಾಗೆ ಅಗೆಯುವಂತಿಲ್ಲ ಅಂತ ಕೆಂಟಕಿಯ ಜನ ಮತ ಹಾಕಿ ಸಂವಿಧಾನ ತಿದ್ದಿಸಲು 1988ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ದೊಡ್ಡ ದೊಡ್ಡ ಗುಡ್ಡಗಳು ಕಂಪನಿಗಳ ಹೆಸರಿನಲ್ಲಿದ್ದವು. ಜನರಿಗೆ ಉಳಿದದ್ದು ತಗ್ಗಿನ ರಿಬ್ಬನ್ನು.

ಅದಕ್ಕೇ ‘ಅಲ್ಲಿ ಯಾಕೆ ಇರ್ತಾರೆ’ ಅನ್ನೋದು ನನಗೆ ಅನ್ಯಾಯದ ಪ್ರಶ್ನೆ ಅನ್ನಿಸುತ್ತದೆ.

ನೀರಿಗೆ ಅವಸರ ಯಾಕೆ

ಬಯಲುಸೀಮೆಯ ದೊಡ್ಡ ನದಿಯಲ್ಲಿ ನೆರೆ ಬರಲು ದಿನಗಳು ಹಿಡಿಯುತ್ತವೆ. ಮೇಲೆ ಮಳೆಯಾದ ಸುದ್ದಿ ನೀರಿಗಿಂತ ಮೊದಲು ತಲುಪುತ್ತದೆ. ಇಲ್ಲಿ ಹಾಗಲ್ಲ. ಇಳಿಜಾರು ಕಡಿದು, ಮಣ್ಣು ತೆಳು, ಕೆಳಗೆ ಬಂಡೆ. ಒಮ್ಮೆ ಮಣ್ಣು ನೆನೆದು ತುಂಬಿದ ಮೇಲೆ ಬಿದ್ದ ಪ್ರತಿ ಹನಿಯೂ ನೇರ ಕೊಳ್ಳಕ್ಕೆ ಇಳಿಯುತ್ತದೆ. ಹತ್ತಾರು ಬ್ರಾಂಚುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕ್ರೀಕಿಗೆ ಬಂದು ಬೀಳುತ್ತವೆ. ಒಂದೊಂದರ ಪಾಲು ಕಡಿಮೆಯೇ. ಎಲ್ಲ ಒಟ್ಟಿಗೆ ಬಂದಾಗ ಹಳ್ಳ ಮಲಗುವ ಕೋಣೆಗೆ ನುಗ್ಗುತ್ತದೆ.

ಜೊತೆಗೆ ಕಸ. ಮರದ ದಿಮ್ಮಿ, ಕಾರು, ಪ್ರೊಪೇನ್ ಟ್ಯಾಂಕು, ಮೇಲಿನವರ ಮುರಿದ ಸೇತುವೆ ಎಲ್ಲ ತೇಲಿ ಬಂದು ಮುಂದಿನ ಸೇತುವೆಗೋ ಮೋರಿಗೋ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೊಂದು ತಾತ್ಕಾಲಿಕ ಅಣೆಕಟ್ಟು ಎದ್ದು ನಿಲ್ಲುತ್ತದೆ. ಅದು ಒಡೆದಾಗ ನೀರು ಏರುವುದಿಲ್ಲ, ಗೋಡೆಯ ಹಾಗೆ ಬರುತ್ತದೆ. ಮನೆಗೊಂದು ಸೇತುವೆ ಇರುವ ಹಳ್ಳದಲ್ಲಿ ಇಂಥ ಗಂಟುಗಳು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಇನ್ನು ರಾತ್ರಿ. 2022ರಲ್ಲಿ ನೀರು ಏರಿದ್ದು ಜನ ಗಾಢ ನಿದ್ದೆಯಲ್ಲಿದ್ದಾಗ. ಕೊಳ್ಳದ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಎಚ್ಚರಿಕೆ ಕಳಿಸಿದರೂ ಫೋನು ಬಡಿದುಕೊಳ್ಳಬೇಕಲ್ಲ. ಎಚ್ಚರವಾದರೂ ಓಡಿಹೋಗಲು ಇರುವ ಒಂದೇ ರಸ್ತೆ ಹಳ್ಳದ ಪಕ್ಕದ್ದು, ಮನೆಗಿಂತ ಮೊದಲು ಮುಳುಗುವುದು ಅದೇ. ಅವತ್ತು ಬದುಕಿಕೊಂಡವರಲ್ಲಿ ಎಷ್ಟೋ ಜನ ಕಾರಿನತ್ತ ಓಡದೆ, ಹಿತ್ತಲಿನಿಂದ ನೇರ ಗುಡ್ಡಕ್ಕೆ ಹತ್ತಿದವರು. ಕತ್ತಲಲ್ಲಿ, ಕೆಸರಲ್ಲಿ, ಮಕ್ಕಳನ್ನು ಎತ್ತಿಕೊಂಡು.

ಗಣಿಗಾರಿಕೆಯ ಪಾಲೆಷ್ಟು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಗುಡ್ಡದ ತಲೆ ಕತ್ತರಿಸಿ ಕಲ್ಲಿದ್ದಲು ತೆಗೆಯುವ ಪದ್ಧತಿಯಲ್ಲಿ, ಉಳಿದ ಕಲ್ಲುಮಣ್ಣನ್ನು ಪಕ್ಕದ ಕೊಳ್ಳಕ್ಕೆ ಸುರಿಯುತ್ತಾರೆ. ಕೇಂದ್ರದ ಪರಿಸರ ಸಂಸ್ಥೆಯ ಲೆಕ್ಕದ ಪ್ರಕಾರ 1985ರಿಂದ 2001ರ ನಡುವೆ ಅಪಲೇಶಿಯಾದಲ್ಲಿ, ಅಂದರೆ ಪೂರ್ವ ಕೆಂಟಕಿಯೂ ಸೇರಿದ ಗುಡ್ಡಸೀಮೆಯಲ್ಲಿ, ಹೀಗೆ ಹೂತುಹೋದ ತೊರೆಗಳ ಉದ್ದ 724 ಮೈಲಿ, ಅಂದರೆ ಸುಮಾರು 1,165 ಕಿಲೋಮೀಟರ್. 1977ರ ಗಣಿ ಕಾನೂನು ಅಗೆದ ನೆಲವನ್ನು ಸರಿಪಡಿಸಿ ಅಂದಿತು. ಕಂಪನಿಗಳು ಮಣ್ಣು ಜಾರದಿರಲಿ ಅಂತ ಗಟ್ಟಿಯಾಗಿ ಒತ್ತಿ, ಮೇಲೆ ಹುಲ್ಲು ಬಿತ್ತಿದವು. ನೋಡಲು ಹಸಿರು. ಆದರೆ ಒತ್ತಿದ ಮಣ್ಣು ನೀರು ಕುಡಿಯುವುದಿಲ್ಲ, ಮರದ ಬೇರಿಗೂ ಜಾಗ ಕೊಡುವುದಿಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಅಂತ ಗಾದೆ ಇದೆಯಲ್ಲ. ಇಲ್ಲಿ ಅಗೆದವರಿಗೆ ಕಲ್ಲಿದ್ದಲೇ ಸಿಕ್ಕಿತು, ಇಲಿ ಸಿಕ್ಕಿದ್ದು ತಗ್ಗಿನವರಿಗೆ.

ಹಾಗಂತ ಇಡೀ ತಪ್ಪನ್ನು ಗಣಿಯ ತಲೆಗೆ ಕಟ್ಟಲೂ ಆಗದು. ತರಲೆ ಹಳ್ಳಕ್ಕೇ ಸೇರುವ ಬಕ್‌ಹಾರ್ನ್ ಕ್ರೀಕಿನ ಮೇಲ್ಭಾಗದಲ್ಲಿ ರಾಬಿನ್‌ಸನ್ ಕಾಡು ಇದೆ. 1923ರಿಂದ ಅದು ಕೆಂಟಕಿ ವಿಶ್ವವಿದ್ಯಾಲಯದ ಕೈಯಲ್ಲಿದೆ. ಗಣಿ ಮುಟ್ಟದ ಹಳ್ಳ ಹೇಗೆ ಹರಿಯುತ್ತದೆ ಅಂತ ತಿಳಿಯಲು ಸಂಶೋಧಕರು ಅಲ್ಲಿನ ತೊರೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಸಾಧಾರಣ ಮಳೆಯಲ್ಲಿ ಕಾಡಿನ ಕೊಳ್ಳಕ್ಕೂ ಅಗೆದ ಕೊಳ್ಳಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಮಿತಿಮೀರಿದ ಮಳೆಯಲ್ಲಿ ಕಾಡಿನ ಮಣ್ಣೂ ತುಂಬಿಹೋಗುತ್ತದೆ. ಈ ಸೀಮೆಯಲ್ಲಿ ಗುಡ್ಡದ ತಲೆ ಕತ್ತರಿಸುವ ಗಣಿ ಬರುವ ಮೊದಲೂ ಹೀಗಾಗಿತ್ತು. 1939ರ ಜುಲೈನಲ್ಲಿ ಬ್ರೆಥಿಟ್ ಕೌಂಟಿಯ ಫ್ರೋಜನ್ ಕ್ರೀಕ್ ರಾತ್ರೋರಾತ್ರಿ ಉಕ್ಕಿ ಹತ್ತಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಕೊಳ್ಳದ ಆಕಾರವೇ ಅಪಾಯ. ಗಣಿ ಅದಕ್ಕೆ ವೇಗ ಕೊಟ್ಟಿತು. ಬಿಸಿಯಾಗುತ್ತಿರುವ ಗಾಳಿ ಇನ್ನಷ್ಟು ನೀರು ತಂದು ಸುರಿಯುತ್ತಿದೆ. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಜಾಸ್ತಿಯಾಗುತ್ತದೆ.

‘ಸಾವಿರ ವರ್ಷಕ್ಕೊಮ್ಮೆ ಬರುವ ಮಳೆ’ ಅನ್ನೋ ಮಾತೂ ಆಗ ಬಹಳ ಓಡಾಡಿತು. ಅದರ ಅರ್ಥ ಇಷ್ಟೇ: ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ ಸಾವಿರಕ್ಕೆ ಒಂದು. ಇನ್ನು 999 ವರ್ಷ ನಿಶ್ಚಿಂತೆ ಅಂತಲ್ಲ. ಆ ಸಾವಿರದ ಲೆಕ್ಕವೂ ಹಳೆಯ ಮಳೆ ದಾಖಲೆಯ ಮೇಲೆ ನಿಂತದ್ದು. ಹವಾಮಾನ ಬದಲಾಗುವುದಿಲ್ಲ ಅಂತ ನಂಬಿ ಮಾಡಿದ ಲೆಕ್ಕ ಅದು. ಇಲ್ಲಿನ ಜನ 2021ರಲ್ಲಿ ಮುಳುಗಿ, ಗೋಡೆ ಒಣಗಿಸಿ, ಬಣ್ಣ ಹೊಡೆಸಿ, 2022ರಲ್ಲಿ ಮತ್ತೆ ಮುಳುಗಿದರು. 2025ರ ಫೆಬ್ರವರಿಯಲ್ಲಿ ಪೂರ್ವ ಕೆಂಟಕಿ ಮತ್ತೊಮ್ಮೆ ಮುಳುಗಿತು, ಮತ್ತೆ ಸಾವಾಯಿತು.

ನಕ್ಷೆಯಲ್ಲಿಲ್ಲದ ತೊರೆ

ಅಮೆರಿಕದಲ್ಲಿ ಯಾವ ಮನೆ ನೆರೆಯ ವಲಯದಲ್ಲಿದೆ ಅಂತ ಹೇಳುವುದು ಫೆಮಾ ಎಂಬ ಕೇಂದ್ರ ಸಂಸ್ಥೆಯ ನಕ್ಷೆ. ಬ್ಯಾಂಕು ಸಾಲ ಕೊಡುವಾಗ ಅದನ್ನೇ ನೋಡುತ್ತದೆ. ವಲಯದೊಳಗಿದ್ದರೆ ನೆರೆ ವಿಮೆ ಕಡ್ಡಾಯ. ಆದರೆ ಈ ನಕ್ಷೆ ಸಾಮಾನ್ಯವಾಗಿ ಒಂದು ಚದರ ಮೈಲಿಗಿಂತ ಕಡಿಮೆ ಜಾಗದ ನೀರು ಹೊರುವ ತೊರೆಗಳ ತಂಟೆಗೇ ಹೋಗುವುದಿಲ್ಲ. ಅಂದರೆ ಹಾಲರಿನ ಒಳಗಿನ ಬ್ರಾಂಚು, ಜನ ನಿಜಕ್ಕೂ ಮನೆ ಕಟ್ಟಿಕೊಂಡಿರುವ ಜಾಗ, ನಕ್ಷೆಯ ಪ್ರಕಾರ ಒಣನೆಲ. ವಿಮೆ ಬೇಕಿಲ್ಲ ಅಂತ ಕಾಗದ ಹೇಳಿದ ಮೇಲೆ, ಕೈಯಲ್ಲಿ ಕಾಸಿಲ್ಲದವರು ಯಾಕೆ ಕಟ್ಟುತ್ತಾರೆ? ವಲಯದೊಳಗಿದ್ದವರಲ್ಲೂ ಸಾಲವಿಲ್ಲದೆ ಅಪ್ಪನ ಕಾಲದ ಮನೆಯಲ್ಲಿದ್ದವರನ್ನು ಕೇಳುವವರಿಲ್ಲ. 2022ರಲ್ಲಿ ಮನೆ ಕಳೆದುಕೊಂಡವರ ಪೈಕಿ ನೆರೆ ವಿಮೆ ಇದ್ದವರು ಬೆರಳೆಣಿಕೆಯಷ್ಟು.

ಕಾನೂನಿಗೂ ಸಣ್ಣ ತೊರೆ ಕಾಣುವುದು ಕಷ್ಟ. 1972ರ ಶುದ್ಧ ನೀರಿನ ಕಾಯ್ದೆ ‘ದೇಶದ ನೀರು’ ಅಂದದ್ದರೊಳಗೆ ಏನೇನು ಬರುತ್ತದೆ ಅಂತ ಐವತ್ತು ವರ್ಷದಿಂದ ಜಗಳ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಯಾಕೆಟ್ ಪ್ರಕರಣದಲ್ಲಿ, ಹೆಚ್ಚುಕಡಿಮೆ ಶಾಶ್ವತವಾಗಿ ಹರಿಯುವ ನೀರು ಮತ್ತು ಅದಕ್ಕೆ ಮೇಲ್ಮೈಯಲ್ಲೇ ತಾಗಿಕೊಂಡ ಜೌಗು ಮಾತ್ರ ಈ ಕಾಯ್ದೆಗೆ ಸೇರುತ್ತದೆ ಅಂದಿತು. ತರಲೆ ಹಳ್ಳಕ್ಕೆ ಇದರಿಂದ ತೊಂದರೆಯಿಲ್ಲ, ಅದು ವರ್ಷವಿಡೀ ಹರಿಯುತ್ತದೆ. ಆದರೆ ಅಲಾಸ್ಕಾ ಬಿಟ್ಟು ಉಳಿದ ದೇಶದ ತೊರೆಗಳ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು, ಮಳೆ ಬಂದಾಗಲೋ ವರ್ಷದ ಕೆಲವು ತಿಂಗಳೋ ಮಾತ್ರ ಹರಿಯುವಂಥದ್ದು. ಮಳೆಗಾಲಕ್ಕೆ ಮಾತ್ರ ಬದುಕುವ ಆ ತೊರೆಗಳೇ ಒಂದು ರಾತ್ರಿಯಲ್ಲಿ ಹಳ್ಳವನ್ನು ತುಂಬಿಸುವವು. ಈಗ ಅವುಗಳ ಗತಿ ಬಹುಮಟ್ಟಿಗೆ ಆಯಾ ರಾಜ್ಯದ ಮರ್ಜಿ.

ಕೊಳಚೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಇಂಗುಗುಂಡಿ ತೋಡುವುದು ಕಷ್ಟ, ಹಾಗಾಗಿ ಎಷ್ಟೋ ಮನೆಗಳ ಪೈಪು ನೇರ ಹಳ್ಳಕ್ಕೇ ಇತ್ತು. 1997ರಿಂದ ಇದನ್ನು ನಿಲ್ಲಿಸಲು ಒಂದು ದೊಡ್ಡ ಅಭಿಯಾನ ನಡೆದಿದೆ, ಸಾಕಷ್ಟು ಸುಧಾರಿಸಿದೆ. ಸಾಲಾಗಿ ಹಬ್ಬಿದ ಊರಿಗೆ ಒಳಚರಂಡಿ ಹಾಕುವುದು ಗುಂಪಾಗಿ ಕೂತ ಊರಿಗೆ ಹಾಕಿದಷ್ಟು ಅಗ್ಗವಲ್ಲ. ಹತ್ತು ಮನೆಗೆ ಒಂದು ಮೈಲಿ ಪೈಪು ಬೇಕು.

ಮೇಲಕ್ಕೆ ಹೋದರೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಂಟಕಿ ಸರ್ಕಾರ ನಿಜಕ್ಕೂ ಮೇಲಕ್ಕೆ ಹೋಗಿ ಅಂದಿದೆ. ರಾಜ್ಯಪಾಲ ಆ್ಯಂಡಿ ಬೆಶಿಯರ್ 2022ರ ಡಿಸೆಂಬರಿನಲ್ಲಿ ನಾಟ್–ಪೆರಿ ಗಡಿ ಹತ್ತಿರದ ಟ್ಯಾಲ್ಕಮ್‌ನಲ್ಲಿ ‘ಆಲಿವ್ ಬ್ರಾಂಚ್’ ಎಂಬ ಹೊಸ ಬಡಾವಣೆ ಘೋಷಿಸಿದರು. ಮರುತಿಂಗಳು ಹ್ಯಾಜರ್ಡ್ ಪಟ್ಟಣಕ್ಕೆ ‘ಸ್ಕೈವ್ಯೂ’. ಆಮೇಲೆ ಇನ್ನೂ ಕೆಲವು. ಇವುಗಳಲ್ಲಿ ಎಷ್ಟೋ ಜಾಗ ಹಳೆಯ ಗಣಿ ನೆಲ. ಗುಡ್ಡದ ತಲೆ ಹಾರಿಸಿದ್ದರಿಂದಲೇ ಎತ್ತರದಲ್ಲಿ ಸಮತಟ್ಟು ಜಾಗ ಸಿಕ್ಕಿದ್ದು. ಹಳ್ಳಕ್ಕೆ ವೇಗ ಕೊಟ್ಟ ಗಣಿಯೇ ಈಗ ಆಸರೆಯ ನೆಲ ಕೊಡುತ್ತಿದೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಬಡಾವಣೆ ಕೆಟ್ಟ ಯೋಚನೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮಲಗಿದವರಿಗೆ ಮಳೆಯ ಸದ್ದಿಗೆ ಎದೆ ಹಾರುವುದಿಲ್ಲ, ಅದೊಂದೇ ಸಾಕು. ಆದರೆ ನಿಧಾನ. ಗುಡ್ಡದ ಮೇಲೆ ರಸ್ತೆ, ನೀರು, ಒಳಚರಂಡಿ, ಕರೆಂಟು ಎಲ್ಲವನ್ನೂ ಶೂನ್ಯದಿಂದ ತರಬೇಕು. ತುಂಬಿದ ಮಣ್ಣು ಕುಸಿಯದ ಹಾಗೆ ತಳಪಾಯ ಹಾಕಬೇಕು. ಜಾಗದ ಕಾಗದದ ಗೋಳು ಬೇರೆ. ಈ ಕಡೆ ಅಜ್ಜನ ಹೆಸರಿನಲ್ಲೇ ಉಳಿದ, ಹತ್ತು ಮೊಮ್ಮಕ್ಕಳ ಪಾಲಿರುವ ಆಸ್ತಿ ಬಹಳ. ಮನೆ ನಿನ್ನದೇ ಅಂತ ತೋರಿಸು ಅಂದರೆ ತೋರಿಸಲು ಒಂದು ಹಾಳೆಯಿಲ್ಲ. ಪರಿಹಾರಕ್ಕೂ ಅದೇ ಹಾಳೆ ಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು. ಅದಕ್ಕೆ ಪಕ್ಕದ ವೆಸ್ಟ್ ವರ್ಜೀನಿಯಾಕ್ಕೆ, ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಲ್ಲಿನ ಲೋಗನ್ ಕೌಂಟಿಯಲ್ಲಿ ಬಫಲೋ ಕ್ರೀಕ್ ಅಂತ ಇನ್ನೊಂದು ಹಳ್ಳ. ಸುಮಾರು 17 ಮೈಲಿ ಕೊಳ್ಳ, ಅದರ ಉದ್ದಕ್ಕೆ 16 ಪುಟ್ಟ ಊರು: ಸಾಂಡರ್ಸ್, ಲೊರಾಡೊ, ಲಂಡೇಲ್, ಆಮ್ಹರ್ಸ್ಟ್‌ಡೇಲ್, ಹೀಗೆ ಮಣಿಸರದಂತೆ. ಮೇಲೆ ಪಿಟ್‌ಸ್ಟನ್ ಕಲ್ಲಿದ್ದಲು ಕಂಪನಿಯ ಅಂಗಸಂಸ್ಥೆ ಗಣಿ ತ್ಯಾಜ್ಯವನ್ನೇ ರಾಶಿ ಹಾಕಿ ಅಣೆಕಟ್ಟು ಮಾಡಿಕೊಂಡಿತ್ತು. 1972ರ ಫೆಬ್ರವರಿ 26ರ ಬೆಳಗ್ಗೆ ಅದು ಒಡೆಯಿತು. 13 ಕೋಟಿ ಗ್ಯಾಲನ್ನಿಗಿಂತ ಹೆಚ್ಚು ಕಪ್ಪು ನೀರು ಕೊಳ್ಳದುದ್ದಕ್ಕೂ ನುಗ್ಗಿತು. 125 ಜನ ಸತ್ತರು. ಕೊಳ್ಳದ ಸುಮಾರು 5,000 ಜನರಲ್ಲಿ 4,000ಕ್ಕೂ ಹೆಚ್ಚು ಮಂದಿ ಮನೆ ಕಳೆದುಕೊಂಡರು. ಕಂಪನಿಯ ಕಡೆಯವರು ಇದು ದೇವರ ಕೆಲಸ ಅಂದರು. ಸಾವಿರಾರು ಟನ್ ತ್ಯಾಜ್ಯವನ್ನು ದೇವರೇ ಲಾರಿಯಲ್ಲಿ ತಂದು ಸುರಿದನೋ ಏನೋ.

ಆಮೇಲೆ ನಡೆದದ್ದೇ ಇಲ್ಲಿ ಮುಖ್ಯ. ಸರ್ಕಾರ ಬೇಗನೇ ಟ್ರೇಲರ್ ಮನೆಗಳ ಶಿಬಿರ ಹಾಕಿತು. ಆದರೆ ಯಾರು ಯಾರ ಪಕ್ಕದವರು ಅಂತ ನೋಡಲಿಲ್ಲ. ಖಾಲಿಯಿದ್ದ ಟ್ರೇಲರನ್ನು ಸರದಿಯಲ್ಲಿ ಮುಂದಿದ್ದವರಿಗೆ ಕೊಟ್ಟಿತು. ಮೇಲಿನ ಊರಿನವರ ಪಕ್ಕದಲ್ಲಿ ಕೆಳಗಿನ ಊರಿನ ಅಪರಿಚಿತರು. ಕಾಯಿಲೆ ಬಿದ್ದರೆ ಗಂಜಿ ತರುತ್ತಿದ್ದ ಪಕ್ಕದ ಮನೆಯಾಕೆ ಇನ್ಯಾವುದೋ ಶಿಬಿರದಲ್ಲಿ. ಬದುಕುಳಿದವರನ್ನು ಅಧ್ಯಯನ ಮಾಡಿದವರು ಕಂಡದ್ದು ಏನೆಂದರೆ, ನೀರು ಮಾಡಿದ ಗಾಯದ ಮೇಲೆ ಈ ಚೆದುರಾಟ ಇನ್ನೊಂದು ಗಾಯ ಮಾಡಿತ್ತು. ಸಾಲು ಕಿತ್ತುಹೋಗಿತ್ತು. ಮತ್ತೆ ಕೂಡಲಿಲ್ಲ.

ಇಂದಿನ ವ್ಯವಸ್ಥೆ ಆ ತಪ್ಪನ್ನು ಬೇರೆ ರೀತಿಯಲ್ಲಿ ಮಾಡುವ ಹಾಗೆ ಕಾಣುತ್ತದೆ. ಮುಳುಗುವ ಮನೆಯನ್ನು ಸರ್ಕಾರವೇ ಕೊಂಡು ಕೆಡವುವ ಯೋಜನೆ ಇದೆ. ಬಲವಂತವಿಲ್ಲ, ಬೇಕಾದವರು ಮಾರಬಹುದು, ಒಳ್ಳೆಯದೇ. ಆದರೆ ಅರ್ಜಿ ಒಬ್ಬೊಬ್ಬರದು. ಪಕ್ಕದವರು ಮಾರಿದರು, ಇವರು ಮಾರಲಿಲ್ಲ, ಅದರಾಚೆಯವರ ಕಾಗದ ಸರಿಯಿಲ್ಲ ಅಂತ ತಿರಸ್ಕಾರವಾಯಿತು. ಹಲ್ಲು ಬಿದ್ದ ಬಾಯಿಯಂತೆ ಸಾಲು ಅಲ್ಲಲ್ಲಿ ಖಾಲಿ. ಉಳಿದ ಮೂರು ಮನೆಗೆ ಅದೇ ಒಂದು ಮೈಲಿ ಪೈಪು, ಅದೇ ರಸ್ತೆ, ಅದೇ ಶಾಲಾ ಬಸ್ಸು. ನಾಟ್ ಕೌಂಟಿಯ ಜನಸಂಖ್ಯೆ 2010ರಲ್ಲಿ 16,346 ಇತ್ತು, 2020ರಲ್ಲಿ 14,251ಕ್ಕೆ ಇಳಿಯಿತು. ಇದು ನೆರೆಗಿಂತ ಮೊದಲಿನ ಲೆಕ್ಕ.

ಊರಿಗೆ ಕಾನೂನಿನಲ್ಲಿ ಗಡಿಯಿಲ್ಲ ಅಂದೆನಲ್ಲ, ಅದು ಇಲ್ಲಿ ಕಚ್ಚುತ್ತದೆ. ಫಿಸ್ಟಿ ಎಂಬ ಊರು ಊರಾಗಿ ಅರ್ಜಿ ಹಾಕುವಂತಿಲ್ಲ. ‘ನಮ್ಮ ಹಾಲರಿನ ಹನ್ನೆರಡು ಮನೆ ಒಟ್ಟಿಗೆ ಬರುತ್ತೇವೆ, ಅಕ್ಕಪಕ್ಕವೇ ಜಾಗ ಕೊಡಿ’ ಅಂತ ಕೇಳಲು ಒಂದು ನಮೂನೆ ಬೇಕು, ಅದನ್ನು ತೆಗೆದುಕೊಳ್ಳುವ ಒಂದು ಮೇಜು ಬೇಕು. ಇದೇನು ದೊಡ್ಡ ಖರ್ಚಿನ ಬಾಬತ್ತಲ್ಲ. ಬಡಾವಣೆಯ ಸೈಟುಗಳನ್ನು ಹಂಚುವಾಗ ಮೊದಲು ಒಂದು ಪ್ರಶ್ನೆ ಕೇಳಿದರೆ ಸಾಕು: ನೀವು ಯಾವ ಬ್ರಾಂಚಿನವರು? ಹೊಸ ಬಡಾವಣೆಯ ಕೆಳಗಿನ ಗಟ್ಟಿ ಗಣಿ ಮಣ್ಣನ್ನು ಆಳವಾಗಿ ಸಡಿಲಿಸಿ ಮರ ನೆಡುವ ವಿಧಾನವೂ ಇದೆ. ಕೆಂಟಕಿ ವಿಶ್ವವಿದ್ಯಾಲಯದವರೂ ಸೇರಿ ಇಪ್ಪತ್ತು ವರ್ಷಗಳಿಂದ ಅದನ್ನು ಮಾಡಿ ತೋರಿಸುತ್ತಿದ್ದಾರೆ. ಕೆಳಗೆ ಉಳಿಯುವವರಿಗೆ ಅದು ಬೇಕೇಬೇಕು. ಯಾಕೆಂದರೆ ಏನೇ ಮಾಡಿದರೂ ಕೆಲವರು ಕೆಳಗೇ ಉಳಿಯುತ್ತಾರೆ.

ಸರ್ಕಾರ ಕೊಂಡ ಜಾಗದಲ್ಲಿ ಇನ್ನೆಂದೂ ಮನೆ ಏಳುವಂತಿಲ್ಲ. ಅದು ಶಾಶ್ವತವಾಗಿ ಬಯಲಾಗಿಯೇ ಇರಬೇಕು ಅಂತ ಕ್ರಯಪತ್ರದಲ್ಲೇ ಬರೆಯುತ್ತಾರೆ. ಒಡೆತನ ಕೌಂಟಿಗೋ ಪಟ್ಟಣಕ್ಕೋ ಹೋಗುತ್ತದೆ, ನೋಡಿಕೊಳ್ಳುವ ಹೊಣೆಯೂ ಅವರದ್ದೇ. ತೆರಿಗೆ ಕಟ್ಟುವ ಮನೆ ಹೋಯಿತು, ಹುಲ್ಲು ಕತ್ತರಿಸುವ ಕೆಲಸ ಬಂತು. ಒಂದು ಕಾಲಕ್ಕೆ ಇಡೀ ಕೊಳ್ಳದಲ್ಲಿ ಉಳಲು ಸಿಗುತ್ತಿದ್ದದ್ದು ಆ ರಿಬ್ಬನ್ನು ನೆಲವೊಂದೇ.